ಸ್ವೀಟ್ ಮಾಸ್ಟ್ರ ಮಾತ್ರೆಯೂ ವಠಾರದ ಕೆಮ್ಮೂ

ಒಬ್ರಿಗೆ ಕಾಯಿಲೆ ಬಂದ್ರೆ ಹತ್ತು ಜನ ಡಾಕ್ಟ್ರು ಹುಟ್ಕೋತಾರೆ. ಆರು ಮನೆಗೆ ಒಂದೇ ಕೊಳಾಯಿ ಇರೋ ವಠಾರ ಆದ್ರಂತೂ ಕೇಳೋದೇ ಬೇಡ, ಕೊಡ ತುಂಬೋದ್ರೊಳಗೆ ಔಷಧಿ ಬದಲಾಗಿರತ್ತೆ. ಮದ್ರಾಸಿನ ಟಿ. ನಗರದ ನಮ್ಮ ವಠಾರದಲ್ಲಿ ಈ ಚಾಳಿ ಇವತ್ತಿಗೂ ನಿಂತಿಲ್ಲ. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು, ಬಾಯಿ ಜೋರು, ತಲೆ ಖಾಲಿ ಅಂತ ಎಲ್ಲರೂ ಹೇಳ್ತಾರೆ. ಹೇಳ್ಕೊಳ್ಳಲಿ. ಆದ್ರೆ ಎಪ್ಪತ್ತೆಂಟನೇ ಇಸವಿಯೋ ಎಪ್ಪತ್ತೊಂಬತ್ತೋ, ಪಕ್ಕದ್ಮನೆ ಸ್ವೀಟ್ ಮಾಸ್ಟ್ರ ಕಾಲ್ಬೆರಳಿನ ವಿಷಯದಲ್ಲಿ ಈ ತಿಳಿದೋರೆಲ್ಲ ಸೇರ್ಕೊಂಡು ಮಾಡಿದ ಘನಂದಾರಿ ಕೆಲಸ ನೆನೆಸ್ಕೊಂಡ್ರೆ ನನಗೆ ಈಗ್ಲೂ ಮೈಯೆಲ್ಲ ಉರಿಯತ್ತೆ.

೧. ಜಾಂಗಿರಿ ಬಣ್ಣ

ಮಾಸ್ಟ್ರು ಕುಂದಾಪುರದ ಕಡೆಯೋರು. ಪ್ಯಾರೀಸ್ ಕಾರ್ನರ್ ಹತ್ರ ಒಂದು ಉಡುಪಿ ಹೋಟ್ಲಲ್ಲಿ ಇಪ್ಪತ್ತು ವರ್ಷದಿಂದ ಸ್ವೀಟು ಮಾಡ್ತಿದ್ರು. ಪಾಕಾನ ಎರಡು ಬೆರಳಲ್ಲಿ ಎಳೆದು, ನಾಲಿಗೆಗೆ ಹಚ್ಚಿ ನೋಡದೆ ಒಂದು ಬಾಣಲೆ ಇಳಿಸಿದ ಮನುಷ್ಯ ಅಲ್ಲ. ಒಂದಿನ ಬಲಗಾಲಿನ ಹೆಬ್ಬೆರಳ ಮೇಲೆ ಸೌಟು ಬಿತ್ತು. ಸಣ್ಣ ಗಾಯ. ಎರಡು ತಿಂಗಳಾದ್ರೂ ಒಣಗಲಿಲ್ಲ.

ಡಾಕ್ಟ್ರ ಹತ್ರ ಹೋಗುವಾಗ ನಾನೂ ಹೋದೆ. ಮಾಸ್ಟ್ರ ಹೆಂಡ್ತಿಗೆ ತಮಿಳು ಬರಲ್ಲ. ಮಾಸ್ಟ್ರಿಗೆ ಬರತ್ತೆ, ಆದ್ರೆ ಆ ಮನುಷ್ಯ ಮನೆಗೆ ಬಂದು ನಿಜ ಹೇಳಲ್ಲ. ಅದಕ್ಕೆ ನಾನು.

ಡಾಕ್ಟ್ರು ಬೆರಳು ನೋಡಿದ್ರು, ಮೂತ್ರ ನೋಡಿಸಿದ್ರು. "ಸಕ್ಕರೆ ಕಾಯಿಲೆ. ಬಾಯಿಗೆ ಸ್ವೀಟು ಹಾಕ್ಬೇಡಿ. ಈ ಮಾತ್ರೆ ದಿನಾ ಬೆಳಿಗ್ಗೆ ತಗೋಬೇಕು, ತಗೊಂಡ ಮೇಲೆ ತಿಂಡಿ ತಿನ್ನಲೇಬೇಕು. ಬಿಟ್ರೆ ಈ ಬೆರಳು ಉಳಿಯಲ್ಲ," ಅಂದ್ರು. ಮಾಸ್ಟ್ರು ಹೂಂ ಅಂದ್ರು. ಹೂಂ ಅನ್ನೋದ್ರಲ್ಲಿ ಆ ಮನುಷ್ಯನ್ನ ಮೀರಿಸೋರಿಲ್ಲ.

ಮನೇಲೇ ಪರೀಕ್ಷೆ ಮಾಡೋಕೆ ಒಂದು ಗಾಜಿನ ಕೊಳವೆ, ಒಂದು ಬಾಟ್ಲಿ ನೀಲಿ ನೀರು ತಂದ್ವಿ. ನೀಲಿ ನೀರಿಗೆ ಎಂಟು ತೊಟ್ಟು ಮೂತ್ರ ಹಾಕಿ ಕುದಿಸೋದು. ನೀಲಿಯಾಗೇ ಇದ್ರೆ ಒಳ್ಳೇದು. ಹಸಿರು ಬಂದ್ರೆ ಸ್ವಲ್ಪ ಸಕ್ಕರೆ, ಹಳದಿ ಬಂದ್ರೆ ಜಾಸ್ತಿ, ಇಟ್ಟಿಗೆ ಕೆಂಪು ಬಂದ್ರೆ ತೀರಾ ಜಾಸ್ತಿ ಅಂದಿದ್ರು. ಮಾರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಸ್ಪಿರಿಟ್ ದೀಪ ಹಚ್ಚಿದ್ರೆ ಇಡೀ ವಠಾರ ಸುತ್ತ ನಿಂತ್ಕೊಂಡಿತ್ತು, ಹೋಮ ನೋಡೋ ಹಾಗೆ. ಬೇರೆಯವರ ಉಚ್ಚೆ ಕುದಿಯೋದನ್ನ ಹಲ್ಲುಜ್ಜೋದು ಬಿಟ್ಟು ನೋಡ್ತಾರೆ ಅಂದ್ರೆ ಇವರಿಗೆ ಬೇರೆ ಕೆಲಸ ಇಲ್ವಾ.

ಕುದೀತು. ನೀಲಿ ಹೋಯ್ತು, ಹಸಿರು ಹೋಯ್ತು, ಹಳದಿ ಹೋಯ್ತು, ಕೆಂಪಿಗೆ ಬಂದು ನಿಂತ್ಕೊಂಡ್ತು. ಹೆಂಡ್ತಿ ಸೆರಗು ಬಾಯಿಗಿಟ್ಕೊಂಡು ಅಳ್ತಾ ಇದಾಳೆ. ಮಾಸ್ಟ್ರು ಕೊಳವೆಯನ್ನ ಬಿಸಿಲಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದ್ರು.

"ಜಾಂಗಿರಿಗೆ ಈ ಬಣ್ಣ ಬರ್ಬೇಕಾದ್ರೆ ನಾನು ಕಲರ್ ಪುಡಿ ಹಾಕ್ಬೇಕು ಅಕ್ಕ," ಅಂದ್ರು. "ಇದು ನೋಡಿ, ಎಂತದೂ ಹಾಕ್ಲಿಲ್ಲ, ಹಾಗೇ ಬಂತು."

೨. ಗೋಡೆ ದಾಟಿ ಬಂದದ್ದು

ಮಾತ್ರೆ ಶುರುವಾಗಿ ಒಂದು ವಾರ ಆಗಿರ್ಬೇಕು. ಮಾಸ್ಟ್ರಿಗೆ ಕೆಮ್ಮು ಶುರುವಾಯ್ತು. ಕೆಮ್ಮು ಅಂದ್ರೆ ಕೆಮ್ಮಲ್ಲ, ತಗಡಿನ ಡಬ್ಬ ಉರುಳಿಸಿದ ಹಾಗೆ. ಜೊತೆಗೆ ಸಾಲಾಗಿ ಹತ್ತು ಸೀನು, ಮೂಗಲ್ಲಿ ನೀರು, ಕಣ್ಣು ಕೆಂಪು. ಹೋಟ್ಲಿಂದ ಬಂದ ಮೇಲಂತೂ ಮಾತಾಡೋಕೇ ಆಗ್ತಿರಲಿಲ್ಲ.

ನಮ್ಮ ವಠಾರದ ಕೊನೇ ಮನೇಲಿ ಮಣಲಿಯವ್ರು ಅಂತ ಇದ್ರು. ಮಣಲಿ ಕಡೆ ಯಾವುದೋ ಫ್ಯಾಕ್ಟ್ರೀಲಿ ಕೆಲಸ, ಅದಕ್ಕೇ ಆ ಹೆಸರು. ಅಲ್ಲಿ ಇವರು ಮಾಡ್ತಿದ್ದದ್ದು ಗೇಟಲ್ಲಿ ಕೂತು ಹಾಜರಿ ಬರೆಯೋದು. ಆದ್ರೆ ಕೆಮಿಕಲ್ಲು ಗ್ಯಾಸು ಅಂತ ಯಾರಾದ್ರೂ ಬಾಯಿ ಬಿಟ್ರೆ ಸಾಕು, ಇವರೇ ಕಂಡುಹಿಡಿದ ಹಾಗೆ ಮಾತು. ಮೂರು ತಲೆಮಾರಿಂದ ಮದ್ರಾಸಲ್ಲಿರೋ ಕುಟುಂಬ, ಅರ್ಧ ತಮಿಳು ಅರ್ಧ ಕನ್ನಡ.

"ಮಾತ್ರೆ ಸೂಡು ಮಾ, ಸೂಡು," ಅಂದ್ರು. "ಉಷ್ಣ ಎಲ್ಲಾ ಮೇಲಕ್ಕೆ ಏರಿ ಮೂಗಲ್ಲಿ ಹೊರಗೆ ಬರ್ತಿದೆ. ಇಂಗ್ಲಿಷ್ ಮರುಂದು ಅಂದ್ರೆ ಎಲ್ಲಾ ಕೆಮಿಕಲ್ ತಾನೆ. ಮೊದಲು ನಿಲ್ಸಿ."

ಹೇಳಿದ್ದೇ ತಡ, ಕೊಳಾಯಿ ಹತ್ರ ಎಲ್ಲರಿಗೂ ಅದೇ ಮಾತು. ಮಾಸ್ಟ್ರು ಬೆಳಿಗ್ಗೆ ತಲೆನೋವು ಅಂದ್ರೆ ಮಾತ್ರೆ. ಹೊಟ್ಟೆ ಉಬ್ಬರ ಅಂದ್ರೆ ಮಾತ್ರೆ. ಮೆಟ್ಲು ಎಡವಿದ್ರು, ಅದಕ್ಕೂ ಮಾತ್ರೆ. ಮನುಷ್ಯ ಎರಡನೇ ವಾರ ಮಾತ್ರೆ ನಿಲ್ಲಿಸಿಯೇಬಿಟ್ರು. ನಿಲ್ಲಿಸಿದ ಮೇಲೂ ಕೆಮ್ಮು ಇದ್ದ ಹಾಗೇ ಇತ್ತು. ಅದನ್ನ ಯಾರೂ ನೋಡಲಿಲ್ಲ. ಕಣ್ಣಿರೋದು ಉಚ್ಚೆ ನೋಡೋಕೆ ಮಾತ್ರ.

ನನಗೆ ತಡೆಯೋಕಾಗಲಿಲ್ಲ. ಮಣಲಿಯವ್ರು ದಿನಕ್ಕೆ ಒಂದು ಪ್ಯಾಕೆಟ್ ಸಿಗರೇಟು ಸೇದೋರು, ಬೆಳಗಾದ್ರೆ ಅವರದ್ದೂ ಅರ್ಧ ಗಂಟೆ ಕೆಮ್ಮು.

"ಅಲ್ಲ ಸ್ವಾಮಿ, ನೀವು ಯಾವ ಮಾತ್ರೆ ತಗೊಂಡು ಕೆಮ್ತಿದ್ದೀರಿ?" ಅಂತ ಕೇಳ್ದೆ.

ಮುಖ ಸಿಂಡರಿಸಲಿಲ್ಲ, ನಾಚಿಕೆ ಪಡಲಿಲ್ಲ. "ಎನ್ನಮ್ಮಾ ನೀವು, ಅವರ ಮನೆಗೂ ನಮ್ಮನೆಗೂ ಒಂದೇ ಹಿಂದಿನ ಗೋಡೆ. ಆ ಸೂಡು ಇಲ್ಲಿಗೂ ಬರಲ್ವಾ?"

೩. ಇರುವೆ

ಮಾತ್ರೆ ನಿಂತ ಜಾಗಕ್ಕೆ ಕೆಮ್ಮಿನ ಸಿರಪ್ಪು ಬಂತು. ಇದೂ ಮಣಲಿಯವ್ರದ್ದೇ ಸಲಹೆ. ದಿನಕ್ಕೆ ಮೂರು ಸಲ ಒಂದೊಂದು ಚಮಚ ಅಂತ ಬಾಟ್ಲಿ ಮೇಲಿತ್ತಂತೆ. ಮಾಸ್ಟ್ರು ಅರ್ಧ ಲೋಟ ಬಗ್ಗಿಸ್ಕೊಂಡು ಗುಟುಕು ಗುಟುಕಾಗಿ ಕುಡಿಯೋದು ನಾನೇ ಕಂಡೆ.

ನಾನು ಬಾಟ್ಲಿ ಕಿತ್ಕೊಂಡು ಮುಚ್ಚಳದಲ್ಲಿ ಅಂಟಿದ್ದನ್ನ ನೆಕ್ಕಿ ನೋಡ್ದೆ. ಅಪ್ಪಟ ಸಕ್ಕರೆ ಪಾಕ.

"ಏನ್ರೀ ಇದು? ಬಾಯಿಗೆ ಸ್ವೀಟು ಹಾಕ್ಬೇಡಿ ಅಂತ ಡಾಕ್ಟ್ರು ಹೇಳಿದ್ದು ಮರೆತುಹೋಯ್ತಾ?"

"ಇದು ಸ್ವೀಟಲ್ಲ ಅಕ್ಕ, ಮದ್ದು," ಅಂದ್ರು. "ಮದ್ದಿನ ಸಕ್ಕರೆ ಹೊಟ್ಟೆಗೆ ಗೊತ್ತಾಗುದಿಲ್ಲ."

ಇಪ್ಪತ್ತು ವರ್ಷ ಪಾಕ ಹಿಡಿದ ಮನುಷ್ಯ ಹೇಳೋ ಮಾತಾ ಇದು. ಹೆಂಡ್ತಿ ಕಡೆ ತಿರುಗಿ, "ನೀನಾದ್ರೂ ಬುದ್ಧಿ ಹೇಳ್ಬಾರ್ದೇನೇ," ಅಂದೆ. ಅವಳು, "ಎಂತ ಹೇಳುದು ಅಕ್ಕ, ಕೆಮ್ಮಿ ಕೆಮ್ಮಿ ಸಾಯ್ತಾರೆ," ಅಂತ ಕಾಲಿನ ಪಟ್ಟಿ ಬಿಚ್ಚಿ ತೋರಿಸಿದ್ಲು. ಬೆರಳು ಊದಿ ಸಣ್ಣ ಬದನೇಕಾಯಿ ಆಗಿತ್ತು. ಇವರಿಗೆ ಕೆಮ್ಮೊಂದೇ ಕಾಣೋದು, ಬೆರಳು ಕಾಣಲ್ವಲ್ಲ.

ಸಿಟ್ಟಲ್ಲಿ ಬಾಟ್ಲಿಯನ್ನ ಕಿಟಕಿ ಮೇಲೆ ಕುಕ್ಕಿದ್ರೆ, ಅಲ್ಲಿ ಗೋಡೆಯುದ್ದಕ್ಕೂ ಇರುವೆ ಸಾಲು. ಮೊನ್ನೆಯಿಂದ ಬಾಟ್ಲಿ ಇಟ್ಟಿದ್ದ ಜಾಗಕ್ಕೇ ನೇರ ಬಂದಿವೆ.

"ನೋಡಿ ಮಾಸ್ಟ್ರೇ, ಈ ಇರುವೆಗಳಿಗೆಲ್ಲ ಕೆಮ್ಮು ಬಂದಿದ್ಯಾ?"

ಮಾಸ್ಟ್ರು ಬಗ್ಗಿ, ಸಾಲು ಎಲ್ಲಿಂದ ಬರತ್ತೆ ಅಂತ ನೋಡಿದ್ರು. "ಇರಬಹುದು ಅಕ್ಕ. ಮಣಲಿಯವರ ಮನೆ ಕಡೆಯಿಂದ್ಲೇ ಬಂದದ್ದು."

೪. ಏಕಾದಶಿ ಪಾನಕ

ಮತ್ತೆ ಡಾಕ್ಟ್ರ ಹತ್ರ ಎಳ್ಕೊಂಡು ಹೋದ್ವಿ. ಅವರು ಬೈದು, ಮತ್ತೆ ಮಾತ್ರೆ ಶುರು ಮಾಡಿಸಿದ್ರು. ಬೈಯುವಾಗ ಇನ್ನೊಂದು ಮಾತನ್ನೂ ಹೇಳಿದ್ರು. "ಮಾತ್ರೆ ತಗೊಂಡು ಊಟ ಬಿಟ್ರೆ ಸಕ್ಕರೆ ತೀರಾ ಇಳಿದುಹೋಗತ್ತೆ. ಬೆವರು, ನಡುಕ, ಏನೇನೋ ಮಾತು ಬಂದ್ರೆ ತಕ್ಷಣ ಸಕ್ಕರೆ ನೀರು ಕುಡಿಸಿ." ಮಾಸ್ಟ್ರು ಹೂಂ ಅಂದ್ರು.

ಏಕಾದಶಿ ಬಂತು. ಹೋಟ್ಲಿಗೆ ರಜಾ ಹಾಕಿದ್ರು. ಬೆಳಿಗ್ಗೆ ಸ್ನಾನ ಮಾಡಿ, ತೀರ್ಥದ ಜೊತೆ ಮಾತ್ರೆ ನುಂಗಿದ್ರು. ಮಾತ್ರೆ ಅನ್ನ ಅಲ್ವಲ್ಲ, ಉಪವಾಸ ಕೆಡಲ್ವಂತೆ. ಹನ್ನೊಂದು ಗಂಟೆಗೆ ನಾನು ಕೊಡ ತಗೊಂಡು ಹೋದ್ರೆ, ಕೊಳಾಯಿ ಕಟ್ಟೆ ಮೇಲೆ ಕೂತಿದಾರೆ. ಪಂಚೆಯೆಲ್ಲ ಬೆವರಲ್ಲಿ ನೆಂದಿದೆ, ಕೈ ಗಡಗಡ ಅಂತಿದೆ. ಎದುರಿಗಿದ್ದ ಬಕೆಟ್ಟನ್ನ ನೋಡ್ಕೊಂಡು, "ಎಣ್ಣೆ ಕಾಯ್ಲಿಲ್ಲ, ಯಾರು ಬೆಂಕಿ ಕಮ್ಮಿ ಮಾಡಿದ್ದು," ಅಂತ ಬೈತಿದಾರೆ.

ಮಣಲಿಯವ್ರು ಬಂದು ಮೂಸಿ ನೋಡಿದ್ರು. ಕುಡಿದಿದಾರಾ ಅಂತ. ಎಷ್ಟು ಕೊಬ್ಬು ನೋಡಿ.

ನಾನು ಒಳಗೆ ಓಡಿ ಚೊಂಬಿಗೆ ನಾಲ್ಕು ಹಿಡಿ ಸಕ್ಕರೆ ಸುರಿದು ಕಲಸ್ಕೊಂಡು ಬಂದೆ. ಅಷ್ಟರಲ್ಲಿ ಈ ಮಹಾನುಭಾವರು ಎರಡೂ ಕೈ ಚಾಚಿ ದಾರಿಗೆ ಅಡ್ಡ. "ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡ್ತೀರಾ? ಕೊಲೆ ಆಗತ್ತೆ ಮಾ."

"ಈಗ ದಾರಿ ಬಿಡದಿದ್ರೆ ಎರಡು ಕೊಲೆ ಆಗತ್ತೆ," ಅಂತ ಮೊಣಕೈಯಲ್ಲಿ ತಿವಿದು, ಮಾಸ್ಟ್ರ ತಲೆ ಎತ್ತಿ ಹಿಡ್ಕೊಂಡು, ಸ್ವಲ್ಪ ಸ್ವಲ್ಪವಾಗಿ ಕುಡಿಸ್ದೆ. ಹೆಂಡ್ತಿ ದೇವರ ಮನೆ ಬಾಗಿಲಲ್ಲೇ ಕೈಮುಗಿದು ಕೂತಿದ್ಲು. ಹತ್ತು ನಿಮಿಷ ಆಯ್ತು. ಆಮೇಲೆ ನಡುಕ ನಿಂತು, ಕಣ್ಣು ನೆಟ್ಟಗಾಯ್ತು. ಮಾಸ್ಟ್ರು ತುಟಿ ಒರೆಸ್ಕೊಂಡು ಚೊಂಬಿನೊಳಗೆ ಬಗ್ಗಿ ನೋಡಿದ್ರು.

"ಯಾರು ಮಾಡಿದ್ದು ಇದು? ಪಾಕ ಹದಕ್ಕೇ ಬರ್ಲಿಲ್ಲ."

೫. ಹಿಂಬಾಗಿಲು

ಜೀವ ಉಳಿಸಿದ್ದಕ್ಕೆ ಸಿಕ್ಕ ಬಹುಮಾನ ಏನು ಗೊತ್ತಾ? "ನೋಡಿದ್ರಾ, ಮಾತ್ರೆ ಕೊಲ್ಲೋಕೇ ಬಂದಿತ್ತು," ಅಂತ ವಠಾರ ತೀರ್ಮಾನ ಮಾಡ್ತು. ಉಪವಾಸದ್ದು ತಪ್ಪಲ್ವಂತೆ. ಮಾಸ್ಟ್ರು ಮಾತ್ರೆ ಬಾಟ್ಲಿಯನ್ನ ಅಟ್ಟಕ್ಕೆ ಎಸೆದ್ರು. ಮೂರು ವಾರ ಕಳೀತು. ಒಂದಿನ ಮಧ್ಯಾಹ್ನ ಹೆಂಡ್ತಿ ಬಂದು, "ಅಕ್ಕ, ಬೆರಳಿನ ತುದಿ ಕಪ್ಪಾಗಿದೆ. ವಾಸನೆ ಬರ್ತದೆ," ಅಂದ್ಲು. ಅಳು ಕೂಡ ಬರ್ತಿರಲಿಲ್ಲ ಅವಳಿಗೆ.

ಅವಳ ಕೈ ಹಿಡ್ಕೊಂಡು ಹಾಗೇ ಬಸ್ ಹತ್ತಿದೆ. ಹೋಟ್ಲಿಂದಾನೇ ಎತ್ತಾಕ್ಕೊಂಡು ಡಾಕ್ಟ್ರ ಹತ್ರ ಹೋಗೋದು ಅಂತ. ಮುಂದುಗಡೆ ಹೆಂಗಸರು ಗಲಾಟೆ ಮಾಡಿದ್ರೆ ಚೆನ್ನಾಗಿರಲ್ಲ ಅಂತ ಹಿಂಬಾಗಿಲಿಂದ ನುಗ್ಗಿದ್ವಿ.

ನುಗ್ಗಿದ್ದೇ ತಡ, ನನಗೆ ಸೀನು. ಅವಳಿಗೆ ಕೆಮ್ಮು. ಒಳಗೆ ಹೊಗೆಯೋ ಹೊಗೆ, ಕಣ್ಣು ಬಿಡೋಕಾಗಲ್ಲ. ಹೊಗೆ ಮಧ್ಯೆ ಮಾಸ್ಟ್ರು, ಒಂದು ದೊಡ್ಡ ಬಾಣಲೆ, ಬಾಣಲೆ ತುಂಬಾ ಒಣಮೆಣಸಿನಕಾಯಿ. ಸಾಂಬಾರ್ ಪುಡಿಗೆ ಹುರೀತಿದಾರೆ.

"ಸ್ವೀಟು ಎಲ್ರೀ?" ಅಂದೆ.

ತಲೆ ತಗ್ಗಿಸಿ ನಿಂತ್ರು. ಆಗಿದ್ದಿಷ್ಟು. ಸಕ್ಕರೆ ಕಾಯಿಲೆ ಅಂತ ಗೊತ್ತಾದ ವಾರವೇ ಹೋಟ್ಲು ಧಣಿ, ರುಚಿ ನೋಡದೆ ಸ್ವೀಟು ಮಾಡೋಕಾಗಲ್ಲ, ರುಚಿ ನೋಡಿದ್ರೆ ನೀನು ಉಳಿಯಲ್ಲ ಅಂತ, ಇವರನ್ನ ಖಾರದ ಕಡೆಗೆ ಹಾಕಿದಾರೆ. ಮಾತ್ರೆ ಶುರುವಾಗಿದ್ದೂ ಅದೇ ವಾರ. ದಿನಾ ನಾಲ್ಕು ಗಂಟೆ ಮೆಣಸಿನಕಾಯಿ ಘಾಟು ಕುಡ್ಕೊಂಡು ಬಂದು, ನಮ್ಮ ಅಂಗಳದಲ್ಲಿ ಕೂತು ಮಾತ್ರೆಗೆ ಶಾಪ ಹಾಕ್ತಿದ್ದದ್ದು.

"ಮನೇಲಿ ಒಂದು ಮಾತು ಹೇಳೋಕೇನು ರೋಗ?"

"ಹೇಗೆ ಹೇಳುದು ಅಕ್ಕ," ಅಂದ್ರು ಸಣ್ಣ ದನಿಯಲ್ಲಿ. "ಊರಿಗೆಲ್ಲಾ ಸ್ವೀಟ್ ಮಾಸ್ಟ್ರು ಅಂತ ಗೊತ್ತುಂಟು. ಮೆಣಸು ಹುರೀತೇನೆ ಅಂತ ಹೇಳ್ಲಾ?"

ಒಂದು ಗಳಿಗೆ ನನಗೂ ಪಾಪ ಅನ್ನಿಸ್ತು. ಒಂದೇ ಗಳಿಗೆ. ಆಮೇಲೆ ಬೆರಳಿನ ವಾಸನೆ ನೆನಪಾಗಿ ಸಿಟ್ಟು ನೆತ್ತಿಗೇರ್ತು. ಸುತ್ತ ನೋಡಿದ್ರೆ ದೋಸೆ ಹಾಕೋನು ಕೆಮ್ತಿದಾನೆ, ತರಕಾರಿ ಹೆಚ್ಚೋನು ಕೆಮ್ತಿದಾನೆ, ಪಾತ್ರೆ ತೊಳೆಯೋಳು ಮೂಗು ಒರೆಸ್ಕೋತಿದಾಳೆ.

"ಇವರೆಲ್ಲ ಯಾವ ಮಾತ್ರೆ ತಗೊಂಡಿದಾರೆ ಮಾಸ್ಟ್ರೇ?"

ಮಾಸ್ಟ್ರು ಒಬ್ಬೊಬ್ರನ್ನೇ ನೋಡಿದ್ರು. ಹೊಸದಾಗಿ ನೋಡೋ ಹಾಗೆ ನೋಡಿದ್ರು. "ಹೌದಲ್ಲ," ಅಂದ್ರು. "ಇವರಿಗ್ಯಾರಿಗೂ ಸಕ್ಕರೆ ಕಾಯಿಲೆಯೇ ಇಲ್ಲ."

೬. ದಿನಕ್ಕೆರಡು ಸಲ

ಡಾಕ್ಟ್ರು ಕಪ್ಪಾದ ಚರ್ಮ ಕತ್ತರಿಸಿ ತೆಗೆದು ಪಟ್ಟಿ ಕಟ್ಟಿದ್ರು. "ಹದಿನೈದು ದಿನ. ಮಾತ್ರೆ, ಹೊತ್ತಿಗೆ ಸರಿಯಾಗಿ ಊಟ, ದಿನ ಬಿಟ್ಟು ದಿನ ಇಲ್ಲಿಗೆ ಬಂದು ಪಟ್ಟಿ. ಅಷ್ಟರಲ್ಲಿ ಕೆಂಪು ಮಾಂಸ ಬರದಿದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ, ಬೆರಳು ತೆಗೀತಾರೆ." ಈ ಸಲ ಮಾಸ್ಟ್ರು ಹೂಂ ಅನ್ನಲಿಲ್ಲ, ಹೆಂಡ್ತಿ ಮುಖ ನೋಡಿದ್ರು.

ಆ ಹದಿನೈದು ದಿನ ನಾನು ಗೋಡೆ ಈ ಕಡೆಯಿಂದ ಬಾಯಿ ಮುಚ್ಚಲಿಲ್ಲ. ಬೆಳಿಗ್ಗೆ ಏಳಕ್ಕೆ, "ಮಾತ್ರೆ ನುಂಗಿದ್ರಾ, ಇಲ್ಲಾ ನಾನೇ ಬಂದು ತುರುಕ್ಲಾ?" ಸಂಜೆ ಏಳಕ್ಕೆ, "ಆ ಚಪಾತಿ ತಿಂತೀರಾ, ಇಲ್ಲಾ ಬೆರಳು ಬೇಡ್ವಾ?" ಮಧ್ಯೆ ಸ್ವಲ್ಪ ಒರಟಾಗಿಯೂ ಬೈದಿದೀನಿ, ಅದನ್ನ ಇಲ್ಲಿ ಬರೆಯೋಕಾಗಲ್ಲ. ಧಣಿ ಹತ್ರ ನಾನೇ ಜಗಳ ಆಡಿ ಖಾರದಿಂದ ಬಿಡಿಸಿ, ಕೂತು ಕಾಯಿ ತುರಿಯೋ ಕೆಲಸಕ್ಕೆ ಹಾಕಿಸ್ದೆ. ನಾಲ್ಕೇ ದಿನಕ್ಕೆ ಕೆಮ್ಮು ಮಾಯ. ಮಾತ್ರೆ ಮಾತ್ರ ನಡೀತಾನೇ ಇತ್ತು. ಅದಕ್ಕೆ ಮಣಲಿಯವ್ರು ಏನಂದ್ರು ಗೊತ್ತಾ? "ಗೋಡೆಗೆ ಸುಣ್ಣ ಹೊಡೆಸಿದೀನಲ್ಲ ಮಾ, ಸೂಡು ಹೀರ್ಕೊಂಡ್ತು." ಇಂಥೋರ ಜೊತೆ ಒಂದೇ ಕೊಳಾಯಿ ನೀರು ಕುಡಿದಿದೀನಿ ನಾನು.

ಹದಿನಾರನೇ ದಿನ ಡಾಕ್ಟ್ರು ಪಟ್ಟಿ ಬಿಚ್ಚಿದ್ರು. ಹೆಂಡ್ತಿ ಗೋಡೆ ಕಡೆ ತಿರುಗಿ ನಿಂತಿದ್ಲು. ಡಾಕ್ಟ್ರು ಬೆರಳನ್ನ ಒತ್ತಿದ್ರು, ತಿರುಗಿಸಿದ್ರು, ಕನ್ನಡಕ ಹಾಕ್ಕೊಂಡು ಮತ್ತೆ ನೋಡಿದ್ರು. "ಕೆಂಪು ಬಂದಿದೆ. ಉಗುರು ಹೋಗತ್ತೆ, ಬೆರಳು ಉಳೀತು," ಅಂದ್ರು. ನಾನು ತಮಿಳಿಂದ ಕನ್ನಡಕ್ಕೆ ಹೇಳೋ ಮೊದಲೇ ಅವಳಿಗೆ ಅರ್ಥ ಆಗಿತ್ತು, ಅಲ್ಲೇ ಸ್ಟೂಲಿನ ಮೇಲೆ ಕೂತ್ಲು.

ಡಾಕ್ಟ್ರು ಚೀಟಿ ಬರೀತಾ ಕೇಳಿದ್ರು, "ಮಾತ್ರೆ ತಗೊಳ್ಳೋಕೆ ಶುರು ಮಾಡಿದ ಮೇಲೆ ಬೇರೆ ಏನಾದ್ರೂ ತೊಂದ್ರೆ ಇದ್ಯಾ?"

ಮಾಸ್ಟ್ರು ನನ್ನ ಕಡೆ ಒಂದ್ಸಲ ನೋಡಿದ್ರು. ಆಮೇಲೆ ಡಾಕ್ಟ್ರ ಕಡೆ ಬಗ್ಗಿ, ನನಗೆ ಕೇಳಿಸಲ್ಲ ಅಂದ್ಕೊಂಡು ಹೇಳಿದ್ರು. "ನನಗೆ ಎಂತ ತೊಂದ್ರೆಯೂ ಇಲ್ಲ. ಆದ್ರೆ ನಾನು ಮಾತ್ರೆ ತಗೊಂಡ್ರೆ ಪಕ್ಕದ್ಮನೆ ಅಕ್ಕನಿಗೆ ಸಿಟ್ಟು ಬರ್ತದೆ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಅದು ಕಮ್ಮಿ ಆಗುವ ಹಾಗೆ ಎಂತಾದ್ರೂ ಉಂಟಾ?"

ಡಾಕ್ಟ್ರು ನಗಲಿಲ್ಲ. ನನ್ನನ್ನ ಮೇಲಿಂದ ಕೆಳಗಿನವರೆಗೂ ನೋಡಿದ್ರು, ಬೆರಳನ್ನ ಇನ್ನೊಂದ್ಸಲ ನೋಡಿದ್ರು, ಚೀಟಿ ವಾಪಸ್ ಎಳ್ಕೊಂಡು ಮಾತ್ರೆ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿಸಿದ್ರು. ಔಷಧಿ ಅಂಗಡಿಯವನು ಅದನ್ನ ಓದಿ, ಈ ಸರಕು ನಮ್ಮಲ್ಲಿಲ್ಲ ಅಂತ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು.

ಪಕ್ಕದ ಮನೆ ಬೈಗುಳ, ದಿನಕ್ಕೆರಡು ಸಲ, ಊಟಕ್ಕೆ ಮುಂಚೆ. ನಿಲ್ಲಿಸಬಾರದು.