ಟ್ಯಾಂಕಿನ ಒಳಗೆ ಯಾರು ನೋಡ್ತಾರೆ?

ಹೊರಗೆ ಕಾಣದ ಕೆಲಸ ಮಾಡುವವನಿಗೆ ನಾಲ್ಕು ಜನರ ನಗು ತಪ್ಪಿದ್ದಲ್ಲ. ನಾನು ಯುದ್ಧ ಟ್ಯಾಂಕುಗಳ ಪ್ಲಾಸ್ಟಿಕ್ ಮಾದರಿ ಕಟ್ಟುತ್ತೇನೆ. ಒಂದೊಂದೂ ಗೇಣುದ್ದ. ಡಬ್ಬಿಯಲ್ಲಿ ಬರುವುದು ಬರೀ ಹೊರಮೈ. ಒಳಗಿನ ಸೀಟು, ಗುಂಡಿಡುವ ಗೂಡು, ತೋಪಿನ ಹಿಂಭಾಗ, ವೈರು ಎಲ್ಲವನ್ನೂ ಪುಸ್ತಕದ ಚಿತ್ರ ನೋಡಿ ನಾನೇ ಮಾಡಿ ಕೂರಿಸುತ್ತೇನೆ. ಕೊನೆಗೆ ಮೇಲಿನ ಮುಚ್ಚಳ ಅಂಟಿಸಿದರೆ ಅದರಲ್ಲಿ ಯಾವುದೂ ಕಾಣುವುದಿಲ್ಲ. ಇಷ್ಟು ಹೇಳಿದರೆ ಸಾಕು, ಸಿಂಧನೂರಿನಿಂದ ಲಿಂಗಸುಗೂರಿನ ತನಕ ಯಾರಾದರೂ ನಗುತ್ತಾರೆ.

ತಂತಿ

ಈ ಸಲದ್ದು ನಮ್ಮ ಸೇನೆಯಲ್ಲೂ ಇದ್ದ ರಷ್ಯಾದ ಹಳೇ ಟ್ಯಾಂಕು. ಒಳಗಿನ ವೈರಿಂಗಿಗೆ ಕೂದಲೆಳೆಯಂಥ ತಾಮ್ರದ ತಂತಿ ಬೇಕಾಗಿತ್ತು. ಸಿಂಧನೂರಿನಲ್ಲಿ ಪಂಪ್‌ಸೆಟ್ಟಿನ ಮೋಟರ್ ಸುತ್ತುವ ಅಂಗಡಿಗೆ ಹೋದೆ. ಎಷ್ಟು ಎಚ್‌ಪಿ ಮೋಟರು ಎಂದು ಅಂಗಡಿಯಾತ ಕೇಳಿದ. ನಾನು ಇದ್ದದ್ದನ್ನು ಹೇಳಿದೆ: ಅಸಲಿ ಗಾಡಿಯದು ಐನೂರರ ಮೇಲೆ, ನನ್ನದು ಓಡುವುದೇ ಇಲ್ಲ. ಆತ ಗೇಣು ತಂತಿ ಕತ್ತರಿಸಿ ಕೈಗಿಟ್ಟ.

"ಓಡಲಾರದ್ದಕ್ಕ ವೈರಿಂಗ್ ಮಾಡಾವ್ರು ಗೌರ್ಮೆಂಟಿನವ್ರು ಅಷ್ಟ ಅಂತ ತಿಳಕೊಂಡಿದ್ದೆ ನೋಡ್ರಿ ಸರ."

ಬಣ್ಣ

ಒಳಗೋಡೆಯ ಬಣ್ಣದ ವಿಷಯದಲ್ಲಿ ಪುಸ್ತಕಗಳಲ್ಲೇ ಜಗಳವಿತ್ತು. ಒಂದು ಬಿಳಿ ಎಂದಿತು, ಇನ್ನೊಂದು ತಿಳಿಹಸಿರು. ಲಿಂಗಸುಗೂರಿನ ನನ್ನ ಕಚೇರಿಯಿಂದ ಸಿಂಧನೂರಿಗೆ ಮರಳುವ ಬಸ್ಸಿನಲ್ಲಿ ಮಸ್ಕಿಯ ಒಬ್ಬ ಹವಾಲ್ದಾರರ ಪರಿಚಯವಾಗಿತ್ತು. ಸೇನೆಯಲ್ಲಿದ್ದಾಗ ಇದೇ ಟ್ಯಾಂಕಿನೊಳಗೆ ನಿಂತು ತೋಪಿಗೆ ಗುಂಡು ತುಂಬುತ್ತಿದ್ದವರು. ಈಗ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಇವರಿಗಿಂತ ದೊಡ್ಡ ಸಾಕ್ಷಿ ಬೇಕೆ? ಒಳಗೆ ಬಣ್ಣ ಯಾವುದಿತ್ತು ಎಂದು ಕೇಳಿದೆ.

ಹವಾಲ್ದಾರರು ಹಣೆ ಒರೆಸಿಕೊಂಡರು. "ಬಿಸಿ ಇತ್ರೀ."

ನಾನು ಬಿಡಲಿಲ್ಲ, ಮತ್ತೆ ಕೇಳಿದೆ. "ಬ್ಯಾಸಗ್ಯಾಗ ಇನ್ನೂ ಬಿಸಿ," ಎಂದರು.

ಬಿಳಿಯನ್ನೇ ಬಳಿದೆ.

ಸೌಟು

ಹವಾಲ್ದಾರರಿಗೂ ನನ್ನಿಂದ ಒಂದು ಕೆಲಸವಿತ್ತು. ಅವರು ಟ್ಯಾಂಕಿನಲ್ಲಿದ್ದರೆಂದು ಮಸ್ಕಿಯಲ್ಲಿ ಯಾರೂ ನಂಬುತ್ತಿರಲಿಲ್ಲ, ಹೆಂಡತಿ ಕೂಡ. ಟ್ಯಾಂಕಿನೊಳಗೆ ಫೋಟೋ ತೆಗೆಯುವಂತಿರಲಿಲ್ಲ. ಸೇನೆಯ ಕಾಲದ್ದೆಂದು ಮನೆಯಲ್ಲಿರುವುದು ಒಂದೇ ಫೋಟೋ. ಹಬ್ಬದ ದಿನ ಊಟ ಬಡಿಸುವಾಗ ತೆಗೆದದ್ದು. ಅದರಲ್ಲಿ ಅವರ ಕೈಯಲ್ಲಿ ಸೌಟು.

"ಇಪ್ಪತ್ತು ವರ್ಷದಿಂದ ಆಕಿ ನನಗ ಅಡಗಿ ಭಟ್ಟ ಅಂತಾಳ್ರಿ. ಮುಚ್ಚಳ ಅಂಟಸೂದ್ರಾಗ ನನ್ನ ಜಾಗ ಒಂದೀಟು ಆಕಿಗೆ ತೋರಸ್ರಿ."

ತೋರಿಸುತ್ತೇನೆ ಎಂದೆ. ಒಂದು ಮಾತನ್ನೂ ಸೇರಿಸಿದೆ: ಸೌಟು ಮಾತ್ರ ಒಳಗೆ ಇಡುವುದಿಲ್ಲ.

ನಿಂಬೆಹಣ್ಣು

ಅಷ್ಟರಲ್ಲಿ ಮಹಾನವಮಿ ಬಂತು. ನನ್ನಾಕೆ ಸ್ಕೂಟರಿಗೆ, ಮಿಕ್ಸಿಗೆ ಪೂಜೆ ಮಾಡಿ, ಗಾಡಿ ಎಂದಮೇಲೆ ಗಾಡಿಯೇ ಎಂದು ಟ್ಯಾಂಕಿಗೂ ವಿಭೂತಿ ಎಳೆದಳು. ಮುಚ್ಚಳ ತೆಗೆದು ಒಳಗಿನ ತೋಪಿಗೆ ಕಡ್ಡಿಯ ತುದಿಯಿಂದ ಕುಂಕುಮ ಇಟ್ಟಳು. ನಾನು ಅಡ್ಡ ಬರುವಷ್ಟರಲ್ಲಿ ಪದ್ಧತಿಯಂತೆ ಗಾಲಿಗಳ ಸುತ್ತಲಿನ ಚೈನಿನ ಕೆಳಗೆ ನಿಂಬೆಹಣ್ಣು ಇಟ್ಟು ನೂಕಿಯೂ ಬಿಟ್ಟಳು. ಹಣ್ಣು ಅಪ್ಪಚ್ಚಿಯಾಗಲಿಲ್ಲ. ಟ್ಯಾಂಕು ಅದರ ಮೇಲೆ ಹತ್ತಿ ಪಕ್ಕಕ್ಕೆ ಮಗುಚಿತು, ಚೈನು ಕಳಚಿತು.

"ನಿಂಬಿಹಣ್ಣ ದಾಟಲಿಲ್ಲ," ಎಂದಳು, "ಇದು ಯುದ್ಧಕ್ಕ ಹೋಗಿತ್ತಂತ."

ಮಸ್ಕಿ

ಚೈನು ಸರಿಮಾಡಿ, ಟ್ಯಾಂಕನ್ನು ಟವೆಲಿನಲ್ಲಿ ಸುತ್ತಿ, ಭಾನುವಾರ ಮಸ್ಕಿಗೆ ಒಯ್ದೆ. ಹವಾಲ್ದಾರರು ಮುಚ್ಚಳ ಎತ್ತಿದರು. ನಾನು ತಿಂಗಳುಗಟ್ಟಲೆ ಕೂತು ಮಾಡಿದ ವೈರು, ಗೂಡು ಯಾವುದರ ಕಡೆಗೂ ಅವರ ಕಣ್ಣು ಹೋಗಲಿಲ್ಲ. ನಿಂತದ್ದು ಕುಂಕುಮದ ಮೇಲೆ. ನಾನು ಒರೆಸಲು ಹೋದೆ, ಕೈ ಹಿಡಿದರು.

"ಬ್ಯಾಡ್ರಿ. ನಾವೂ ಹಚ್ಚತಿದ್ವಿ."

ಆಮೇಲೆ ಹೆಂಡತಿಯನ್ನು ಕರೆದರು. ಬಲಗಡೆ ತಾವು ನಿಲ್ಲುತ್ತಿದ್ದ ಜಾಗ, ಬಗ್ಗಿ ಗುಂಡು ಎತ್ತುತ್ತಿದ್ದ ರೀತಿ, ಒಮ್ಮೊಮ್ಮೆ ಅಲ್ಲೇ ಮುದುಡಿ ಮಲಗುತ್ತಿದ್ದುದು, ಎಲ್ಲ ಹೇಳಿದರು. ಆಕೆ ಚಹಾದ ತಟ್ಟೆ ಕೆಳಗಿಟ್ಟು, ಮೊಬೈಲಿನ ಟಾರ್ಚ್ ಹಚ್ಚಿ ಒಳಗೆ ಬಗ್ಗಿ ನೋಡಿದರು. ಆ ಜಾಗ ನೋಡಿದರು, ಗಂಡನ ಹೊಟ್ಟೆ ನೋಡಿದರು, ಮತ್ತೆ ಜಾಗ ನೋಡಿದರು. ಹವಾಲ್ದಾರರು ಅಟೆನ್ಷನ್‌ನಲ್ಲಿ ನಿಂತಿದ್ದರು.

"ಖರೇನ ಇರಬೇಕ್ರಿ," ಎಂದು ಆಕೆ ನನಗೆ ಹೇಳಿದರು. ಹವಾಲ್ದಾರರ ಮುಖ ಅರಳಿತು. ಆಕೆ ಟಾರ್ಚ್ ಆರಿಸಿ ಅವರ ಕಡೆ ತಿರುಗಿದರು.

"ಇಷ್ಟರಾಗ ಮುದುಡಿ ಮಲಗಾವ್ರಿಗೆ ಮನ್ಯಾಗ ಇಡೀ ಮಂಚ ಯಾಕ ಸಾಲವಲ್ದು? ಇವತ್ತಿಂದ ಅತ್ಲಾಕಡಿ ಸರದ ಮಲಕೋರಿ."