ಭುಜದಲ್ಲಿ ಬಿಡಾರ ಹೂಡಿದ ಸಾರಜನಕದವರಿಗೆ

ಮಾನ್ಯ ಸಾರಜನಕದವರೇ,

ಶ್ರೀನಿವಾಸಪುರದ ಪಂಕ್ಚರ್ ಅಂಗಡಿ ಮುರಳಿಮೋಹನನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಕೃಪೆಯಿಂದ ಎಡಗೈ ಇನ್ನೂ ಪೂರ್ತಿ ಎತ್ತಲಾಗದ ಕಾರಣ ಎಂಟರಲ್ಲಿ ಒಂದು ಅಂಗ ಕಡಿಮೆ ಬಿದ್ದಿದೆ, ಮನ್ನಿಸಬೇಕು.

ಗಾಳಿ ತುಂಬುವುದು, ಸೋರುವ ಗಾಳಿಯನ್ನು ನೀರಿನಲ್ಲಿ ಗುಳ್ಳೆ ನೋಡಿ ಹಿಡಿಯುವುದು ನನ್ನ ಕಸುಬಾದ್ದರಿಂದ, ಮುರುಡೇಶ್ವರದ ಸಮುದ್ರದಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಮುನ್ನ ಹೇಳಿಕೊಟ್ಟ ಪಾಠವನ್ನು ಆಕಳಿಸುತ್ತ ಕೇಳಿದೆ. ಸಿಲಿಂಡರಿನ ಗಾಳಿಯಲ್ಲಿ ಬಹುಪಾಲು ತಾವೇ ಇದ್ದು, ಆಳದಲ್ಲಿ ಉಸಿರಾಡಿದಷ್ಟೂ ಒತ್ತಡಕ್ಕೆ ರಕ್ತದಲ್ಲಿ ಕರಗಿ ಕೂರುತ್ತೀರಂತೆ. ನಿಧಾನವಾಗಿ, ನಡುವೆ ತಡೆದು ನಿಂತು ಮೇಲೆ ಬಂದರೆ ಉಸಿರಿನೊಂದಿಗೆ ಸದ್ದಿಲ್ಲದೆ ಹೊರಟುಹೋಗುತ್ತೀರಂತೆ. ಅವಸರ ಮಾಡಿದರೆ ಗುಳ್ಳೆಯಾಗಿ ಕೀಲು, ನರಗಳಲ್ಲಿ ಸಿಕ್ಕಿಕೊಳ್ಳುತ್ತೀರಂತೆ. ಇಷ್ಟು ಸಭ್ಯರಿಗೆ ನಾನು ಮಾಡಿದ್ದೇನು? ನಮ್ಮೂರ ಬಾವಿಯಲ್ಲಿ ತಳ ಮುಟ್ಟಿದವನು ಹಿಡಿ ಮಣ್ಣು ತಂದು ತೋರಿಸದಿದ್ದರೆ ಯಾರೂ ನಂಬುವುದಿಲ್ಲ. ಆ ಅಭ್ಯಾಸದಲ್ಲೇ ಹಿಡಿ ಮರಳು ಬಾಚಿಕೊಂಡು ಸರ್ರನೆ ಮೇಲೆದ್ದು, ದೋಣಿಯಲ್ಲಿದ್ದವರಿಗೆಲ್ಲ ತೋರಿಸಿದೆ. ಯಾರೂ ಕೇಳಿರಲಿಲ್ಲ.

ಮುಳುಗಿದ ಮೇಲೆ ಒಂದು ದಿನ ಕಳೆಯುವವರೆಗೆ ವಿಮಾನ ಹತ್ತಬೇಡಿ, ಎತ್ತರದ ಊರಿಗೂ ಹೋಗಬೇಡಿ, ಮೇಲೇರಿದಷ್ಟೂ ಗಾಳಿಯ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತದೆ ಎಂದು ಪಾಠ ಹೇಳಿಕೊಟ್ಟವರು ಎಚ್ಚರಿಸಿದರು. ಶ್ರೀನಿವಾಸಪುರಕ್ಕೆ ವಿಮಾನವಿಲ್ಲ, ನಮ್ಮದು ಹೇಳಿಕೇಳಿ ಬಯಲುಸೀಮೆ ಎಂದು ನಕ್ಕು, ಅಂದೇ ಬಸ್ಸು ಹತ್ತಿದೆ. ಆ ಬಯಲು ಸಮುದ್ರಕ್ಕಿಂತ ಎಂಟುನೂರು ಮೀಟರು ಮೇಲಿದೆ ಎಂಬುದನ್ನು, ಭೂಗೋಳದ ಮೇಷ್ಟ್ರ ಬೆತ್ತಕ್ಕೂ ಆಗದ್ದನ್ನು, ಘಾಟಿ ಹತ್ತುವಾಗ ತಾವು ಭುಜದೊಳಗಿಂದಲೇ ಕಲಿಸಿಕೊಟ್ಟಿರಿ.

ನಮ್ಮಮ್ಮ ಮುನಿಗಂಗಮ್ಮ ಹರಳೆಣ್ಣೆ ತಿಕ್ಕುತ್ತ, "ವಾಯು ಹಿಡ್ಕೊಂಡೈತೆ ಕಣೋ" ಎಂದರು. ಬೆಂಗಳೂರಿನ ವೈದ್ಯರೂ ಅದನ್ನೇ ಬಹಳ ಗಂಭೀರವಾಗಿ ಹೇಳಿ, ಒತ್ತಡದ ಕೋಣೆಯಲ್ಲಿ ಕೂರಿಸಿ ಆಮ್ಲಜನಕ ಕೊಟ್ಟರು. ಅಷ್ಟರಲ್ಲಿ ಎಡಗೈಯ ಬೆರಳುಗಳು ಜೋಮು ಹಿಡಿದಿದ್ದವು. ಟೈರಿನೊಳಗೆ ಬೆರಳಾಡಿಸಿ ಮೊಳೆ ಹುಡುಕುವುದೇ ನನ್ನ ಅನ್ನ. ಬೆರಳಿಗೆ ಏನೂ ತಿಳಿಯದಿದ್ದರೆ ನಾನು ಅಂಗಡಿ ಬಾಗಿಲು ಹಾಕಬೇಕು. ನಿಜವಾಗಿಯೂ ಹೆದರಿದೆ.

ಆದ್ದರಿಂದ ತಮ್ಮವರಲ್ಲಿ ಇನ್ನೂ ಯಾರಾದರೂ ಉಳಿದಿದ್ದರೆ ನೂಕುನುಗ್ಗಲಿಲ್ಲದೆ ಸಾಲಾಗಿ ಶ್ವಾಸಕೋಶದಲ್ಲಿ ಇಳಿದು ಉಸಿರಿನೊಂದಿಗೆ ಹೊರಡಬೇಕೆಂದು ವಿನಂತಿ. ಬೇಕಿದ್ದರೆ ತಾಲ್ಲೂಕನ್ನೇ ಸಮುದ್ರಮಟ್ಟಕ್ಕೆ ಇಳಿಸಿಕೊಡಲು ತಹಶೀಲ್ದಾರರಿಗೆ ಅರ್ಜಿ ಹಾಕುತ್ತೇನೆ.

ನಿನ್ನೆ ಗೌನಿಪಲ್ಲಿಯ ಮಾವಿನಕಾಯಿ ಟೆಂಪೊದ ಟೈರಿನೊಳಗೆ ಎಡಗೈ ಆಡಿಸುತ್ತಿದ್ದಾಗ ಮೊಳೆ ಚುಚ್ಚಿತು. ನೋವಾಯಿತು! ಬೆರಳನ್ನು ಡ್ರೈವರಿಗೆ ತೋರಿಸುತ್ತ, ನಾಚಿಕೆಯಿಲ್ಲದೆ ಅಂಗಡಿಯಲ್ಲೇ ಅತ್ತುಬಿಟ್ಟೆ.

ತಾವು ದೂರ ಹೋದಷ್ಟೂ ಹೆಚ್ಚು
ತಮ್ಮ ವಿಶ್ವಾಸಿ,
ಮುರಳಿಮೋಹನ್

ವಿ.ಸೂ.: ಪತ್ರ ಓದಿದ ನನ್ನ ಹೆಂಡತಿ ಸುನಂದ, "ಗಾಳೀನ ಯಾಕ್ರೀ ಬೈತೀರಾ, ಅದು ತನ್ನ ಪಾಡಿಗೆ ತಾನಿತ್ತು" ಎಂದಳು. ಹಾಗಾಗಿ ಇದರ ಮೂಲಪ್ರತಿಯನ್ನು ನನ್ನ ವಿಳಾಸಕ್ಕೇ ರವಾನಿಸಿ, ತಮಗೆ ನಕಲು ಮಾತ್ರ ಕಳಿಸುತ್ತಿದ್ದೇನೆ.