ಸೀಟಿ ಹಿಡಿದವನು ಓಡಬೇಕಾಗಿಲ್ಲ

ಬರುವ ಕೆಲಸವನ್ನು ಕೊಡದೆ ಹೋದರೆ ಮನುಷ್ಯ ಹೇಗೋ ಸಹಿಸಿಕೊಳ್ಳುತ್ತಾನೆ. ಬಾರದ ಕೆಲಸವನ್ನು ಕೊಟ್ಟು, ಮೇಲೊಂದು ಹಾರ ಹಾಕಿ, 'ನಿಮ್ಮನ್ನ ಬಿಟ್ಟರ ಇದನ್ನ ಯಾರಿಗೂ ಮಾಡಾಕ ಆಗಂಗಿಲ್ರಿ' ಎಂದುಬಿಟ್ಟರೆ ಯಾರ ಹತ್ತಿರ ಹೋಗಿ ಅಳಬೇಕು? ನನ್ನ ಇಡೀ ನೌಕರಿ ಹೀಗೇ ಕಳೆಯುತ್ತ ಬಂದಿದೆ. ನಾನು ಕನ್ನಡ ಮಾಸ್ತರ. ಹಳಗನ್ನಡದ ಪದ್ಯ ಕೊಟ್ಟರೆ ಎಳೆಎಳೆಯಾಗಿ ಬಿಡಿಸಿ ಹೇಳುತ್ತೇನೆ, ಸಂಧಿ ಸಮಾಸಗಳನ್ನು ನಿದ್ದೆಗಣ್ಣಲ್ಲಿ ಕೇಳಿದರೂ ತಪ್ಪುವುದಿಲ್ಲ. ಆದರೆ ದೇವರಾಣೆ ಹೇಳುತ್ತೇನೆ, ನನಗೆ ಓಡಲು ಬರುವುದಿಲ್ಲ. ಒಂದು ಬಸ್ಸು ಹೋದರೆ ಇನ್ನೊಂದು ಬಂದೇ ಬರುತ್ತದೆ ಎಂದು ನಂಬಿ ಬೆಳೆದ ದೇಹ ಇದು. ಇಂಥವನನ್ನು ಈ ಗೋಕಾಕ ಸೀಮೆಯವರು ಕೆಲಸಕ್ಕೆ ಸೇರಿದ ಮೊದಲ ದಿನವೇ ಆಟದ ಮೈದಾನಕ್ಕೆ ಅಟ್ಟಿದರು. ಕಾರಣ ಇಷ್ಟೇ, ನಾನು ಸಿದ್ದಿ.

ಸಿದ್ದಿಗಳೆಂದರೆ ಹಳಿಯಾಳ, ಯಲ್ಲಾಪುರದ ಕಡೆ ಇರುವ ನಮ್ಮ ಜನ. ಕಪ್ಪು ಮೈ, ಗುಂಗುರು ಕೂದಲು, ಬಾಯಲ್ಲಿ ಕೊಂಕಣಿ, ಕನ್ನಡ. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಗೋವೆಯಲ್ಲಿ ಮಾರಿದರಂತೆ. ಅಲ್ಲಿಂದ ತಪ್ಪಿಸಿಕೊಂಡು ನಮ್ಮ ಹಿರಿಯರು ಕಾಡು ಹತ್ತಿದರಂತೆ. ಆವತ್ತು ಅವರು ಚೆನ್ನಾಗಿಯೇ ಓಡಿರಬೇಕು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ಓಟ ಆದಮೇಲೆ ನಮ್ಮ ಮನೆತನದಲ್ಲಿ ಯಾರೂ ಓಡಿದ್ದು ನನಗೆ ಗೊತ್ತಿಲ್ಲ. ಅಪ್ಪ ಹಳಿಯಾಳದಲ್ಲಿ ಟೇಲರ್. ಕೂತಲ್ಲೇ ಕಾಲಾಡಿಸುವುದೇ ಅವನಿಗೆ ವ್ಯಾಯಾಮ. ಅಜ್ಜನಂತೂ ಊಟಕ್ಕೆ ಕರೆದರೂ ಅವಸರ ಮಾಡುತ್ತಿರಲಿಲ್ಲ.

ಈ ಮುಖ ಹೊತ್ತುಕೊಂಡು ಗೋಕಾಕದ ಕಡೆ ಬದುಕುವುದರಲ್ಲಿ ಬೇಜಾರಿಗಿಂತ ಮಜಾನೇ ಜಾಸ್ತಿ ಎನ್ನಬೇಕು. ಹೊಸ ಕಂಡಕ್ಟರ್ ಬಂದ ದಿನ ನನ್ನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, 'ವೇರ್ ಗೋ?' ಎನ್ನುತ್ತಾನೆ. 'ಕುಲಗೋಡ ಒಂದ ಕೊಡ್ರಿ, ಚಿಲ್ಲರೆ ಇಲ್ಲ ನೋಡ್ರಿ ಮತ್ತ' ಎಂದರೆ ಅವನ ಬಾಯಿ ತೆರೆದದ್ದು ಮುಚ್ಚುವುದಿಲ್ಲ. ರವಿವಾರ ಹೆಂಡತಿ ಲಲಿತಾಳ ಜೊತೆ ಗೋಕಾಕ ಫಾಲ್ಸಿಗೆ ಹೋದರೆ ಜನ ನೀರು ನೋಡುವುದನ್ನು ಬಿಟ್ಟು ನಮ್ಮ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ಒಮ್ಮೆ ಒಂದು ದೊಡ್ಡ ಸಂಸಾರ ನಮ್ಮಿಬ್ಬರನ್ನು ನಡುವೆ ನಿಲ್ಲಿಸಿಕೊಂಡು ಹಲ್ಲು ಕಿರಿಯುತ್ತಿರುವಾಗ ಲಲಿತಾ, 'ಅಕ್ಕಾರ, ಸ್ವಲ್ಪ ಬಾಜೂಕ ಸರೀರಿ, ನನ್ನ ಸೀರಿ ಕಾಣವಲ್ದು' ಎಂದುಬಿಟ್ಟಳು. ಆ ಅಕ್ಕಾರು ಬೆಚ್ಚಿಬಿದ್ದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಬುತ್ತಿಯಲ್ಲಿದ್ದ ರೊಟ್ಟಿ, ಶೇಂಗಾ ಹಿಂಡಿ ನಮಗೂ ಬಡಿಸಿದರು. ಅಷ್ಟು ರುಚಿಯಾದ ಹಿಂಡಿಯನ್ನು ನಾನು ಮತ್ತೆ ತಿಂದಿಲ್ಲ.

ನೌಕರಿಯ ವಿಷಯದಲ್ಲಿ ಮಾತ್ರ ಇಂಥ ಹಿಂಡಿ ಸಿಗಲಿಲ್ಲ. ನಮ್ಮ ಸಂಸ್ಥೆಯ ಹೈಸ್ಕೂಲು ಹುಕ್ಕೇರಿ ಕಡೆ ಒಂದು, ಮೂಡಲಗಿ ಕಡೆ ಒಂದು ಇವೆ. ಮೊದಲು ಹುಕ್ಕೇರಿಯ ಕಡೆ ಹಾಕಿದರು. ಆಗಿನ ಹೆಡ್ ಮಾಸ್ತರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಎದ್ದು ನಿಂತು, 'ದೇವರ ಕಳಿಸಿದಂಗ ಬಂದ್ರಿ ನೋಡ್ರಿ!' ಎಂದು ಕೈಯಲ್ಲಿ ಸೀಟಿ ಕೊಟ್ಟರು. ಕನ್ನಡ ಪಾಠ ಆಮೇಲೆ ಕೊಟ್ಟರು, ಅದೂ ನಾನು ಕೇಳಿದ್ದಕ್ಕೆ. ಮಕ್ಕಳು ಗದ್ದಲ ಮಾಡಿದರೆ, 'ಸಿದ್ದಿ ಸರ್‌ನ ಕರೀರಿ'. ಪರೀಕ್ಷೆಯಲ್ಲಿ ಕಿಟಕಿಯಿಂದ ಕಾಪಿಚೀಟಿ ಎಸೆಯುವವರು ಬಂದರೆ, 'ಸಿದ್ದಿ ಸರ್‌ನ ಗೇಟಿನ್ಯಾಗ ನಿಂದರಸ್ರಿ'. ನಾನು ಗೇಟಿನಲ್ಲಿ ನಿಂತು ಮನಸ್ಸಿನಲ್ಲೇ ಷಟ್ಪದಿ ಹೇಳಿಕೊಳ್ಳುತ್ತಿದ್ದೆ. ಚೀಟಿಯವರು ನನ್ನ ಮುಖ ನೋಡಿ ವಾಪಸು ಹೋಗುತ್ತಿದ್ದರು. ಹೊಲದಲ್ಲಿ ಬೆದರುಗೊಂಬೆ ನಿಲ್ಲಿಸುತ್ತಾರಲ್ಲ, ಅದಕ್ಕೆ ಪಗಾರ ಇಲ್ಲ, ನನಗೆ ಇತ್ತು. ಅಷ್ಟೇ ವ್ಯತ್ಯಾಸ.

ಆಮೇಲೆ ಕುಲಗೋಡದಿಂದ ಸ್ವಲ್ಪ ಆಚೆಯ ಈಗಿನ ಶಾಲೆಗೆ ಬಂದೆ. ಇಲ್ಲಿ ನನ್ನ ದುರದೃಷ್ಟಕ್ಕೆ ಮಕ್ಕಳು ಗೆಲ್ಲತೊಡಗಿದರು. ಕಬ್ಬಿನ ಗದ್ದೆಯ ಬದುವಿನ ಮೇಲೆ ಎಮ್ಮೆಯ ಹಿಂದೆ ಓಡಿ ಬೆಳೆದ ಹುಡುಗರು, ಹುಡುಗಿಯರು. ಅವರಿಗೆ ಗೆರೆ ಹಾಕಿ ಓಡಿ ಎಂದರೆ ಗೆಲ್ಲದೆ ಏನು ಮಾಡುತ್ತಾರೆ? ನಾನು ಮಾಡಿದ್ದು ಸೀಟಿ ಊದಿದ್ದು, ಬಾಳೆಹಣ್ಣು ತರಿಸಿದ್ದು. ಆದರೆ ತಾಲೂಕಿನ ಆಟಗಳಲ್ಲಿ ಗೆದ್ದ ಕಪ್‌ಗಳು ಒಂದೊಂದಾಗಿ ಬಂದು ಕಪಾಟಿನಲ್ಲಿ ಕೂತ ಹಾಗೆಲ್ಲ ಊರವರು ನನ್ನ ಕಡೆ ನೋಡಿ, 'ಅವರ ರಕ್ತದಾಗ ಐತ್ರಿ ಅದು' ಎನ್ನತೊಡಗಿದರು. ಗೋಕಾಕದ ಡಾಕ್ಟರು ನನ್ನ ರಕ್ತ ಪರೀಕ್ಷೆ ಮಾಡಿಸಿದ್ದಾರೆ. ಅದರಲ್ಲಿರುವುದು ಸಕ್ಕರೆ.

ನಾನು ಓಡಿದ್ದನ್ನು ಹೆಂಡತಿಯನ್ನು ಬಿಟ್ಟು ಯಾರಾದರೂ ನೋಡಿದ್ದಾರೆಯೇ ಎಂದು ನೀವು ಕೇಳಬಹುದು. ಇಲ್ಲ. ಪ್ರತಿ ವರ್ಷ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಮಾಸ್ತರರ ಓಟ ಇರುತ್ತದೆ. ಸೀಟಿ ನನ್ನ ಕೈಯಲ್ಲಿ. ಸೀಟಿ ಹಿಡಿದವನು ಓಡಬೇಕಾಗಿಲ್ಲ.

ಈ ವರ್ಷ ನಮ್ಮ ಹೆಡ್ ಮಾಸ್ತರರು ನಿವೃತ್ತರಾಗುವವರಿದ್ದರು. ಹಿರಿತನದಲ್ಲಿ ಮುಂದಿನವನು ನಾನು. ಆ ಕುರ್ಚಿಯ ಮೇಲೆ ನನಗೆ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ! ಲೈಬ್ರರಿಯ ಬೀಗ ತೆಗೆಸಬೇಕು, ಮಕ್ಕಳ ಕೈಯಲ್ಲಿ ಪುಸ್ತಕ ಕೊಡಬೇಕು, ಗೋಡೆಯ ಮೇಲೆ ಅವರೇ ಬರೆದ ಕವಿತೆ ಅಂಟಿಸಬೇಕು ಎಂದು ಏನೇನೋ ಎಣಿಕೆ ಹಾಕಿಕೊಂಡಿದ್ದೆ. ಸಂಸ್ಥೆಯ ಚೇರ್ಮನ್ನರಾದ ಬಸಗೌಡ ಕಾಕಾರ ಮನೆಗೆ ಹೋದೆ. ಒಳ್ಳೆಯ ಮನುಷ್ಯ. ಬಸವ ಜಯಂತಿಯ ದಿನ ಎಲ್ಲರೂ ಒಂದೇ ಎಂದು ಭಾಷಣ ಮಾಡುವಾಗ ಅವರಿಗೆ ಖರೇನೇ ಕಣ್ಣೀರು ಬರುತ್ತದೆ.

'ಬರ್ರಿ ಸರ, ಕುಂಡ್ರ್ರಿ' ಎಂದು ಪಕ್ಕದಲ್ಲೇ ಕೂರಿಸಿಕೊಂಡು ಚಹಾ ಕೊಡಿಸಿದರು. ವಿಷಯ ತೆಗೆದೆ. ಕಾಕಾ ಬಸಿಗೆ ಸುರಿದುಕೊಂಡ ಚಹಾ ಆರಿಸುತ್ತ, 'ನಮ್ಮಲ್ಲಿ ಬಣ್ಣ ಗಿಣ್ಣ ಏನೂ ಇಲ್ರಿ ಸರ. ನೀವು ನಮ್ಮ ಮನಿ ಮಗಾ ಇದ್ದಂಗ. ಆದ್ರ ನಿಮ್ಮನ್ನ ಕುರ್ಚ್ಯಾಗ ಕುಂಡ್ರಿಸಿದ್ರ ಮೈದಾನ ಯಾರ ನೋಡಾವ್ರು? ದೇವರ ಕೊಟ್ಟ ಕಾಲ ಅವು. ಅವನ್ನ ಮೇಜಿನ ಕೆಳಗ ಇಟ್ಟರ ಪಾಪ ಹತ್ತತೈತಿ' ಎಂದರು.

'ಕಾಕಾರ, ನಾ ಕನ್ನಡ ಮಾಸ್ತರ ಅದೀನ್ರಿ.'

'ಅದೂ ಮಾಡ್ರಿ, ಯಾರ ಬ್ಯಾಡ ಅಂದಾರ? ಕುರ್ಚಿಗೆ ಮಗದುಮ್ ಸರ್ ಸಾಕು. ಅವರಿಗೆ ಹೆಂಗೂ ಕುಂಡ್ರೂದ ಒಂದ ಚಲೋ ಬರತೈತಿ.'

ಮಗದುಮ್ ಸರ್ ನಮ್ಮ ಗಣಿತದ ಮಾಸ್ತರು. ನನಗಿಂತ ಕಿರಿಯರು, ನನ್ನ ಗೆಳೆಯರು, ಕರದಂಟಿನ ಪರಮ ಭಕ್ತರು. ಹೊಟ್ಟೆ ಅವರಿಗಿಂತ ಮೊದಲು ವರ್ಗದೊಳಗೆ ಹೋಗುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆವತ್ತು ಮನೆಗೆ ನಡೆದು ಬರುವಾಗ ನನ್ನ ಕಣ್ಣು ಒದ್ದೆಯಾಗಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿ ಹೊರಗೆ ನಿಲ್ಲಿಸಿದವರಿಗೆ ಏನು ಹೇಳುವುದು?

ಲಲಿತಾ ರೊಟ್ಟಿ ಬಡಿಯುತ್ತಿದ್ದವಳು ಎಲ್ಲ ಕೇಳಿ, 'ಅಷ್ಟ ಹೌದಲ್ರಿ? ಗ್ಯಾದರಿಂಗಿನ್ಯಾಗ ಒಮ್ಮೆ ಓಡಿಬಿಡ್ರಿ' ಎಂದಳು.

'ಓಡಿದ್ರ ಸೋಲ್ತೀನಲ್ಲ!'

'ಸೋಲ್ರಿ ಅಂತನ ಹೇಳಾಕತ್ತೇನಿ. ನಿಮ್ಮ ಓಟ ಒಮ್ಮೆ ಕಣ್ಣಿಲೆ ನೋಡಿದ್ರ ಮೈದಾನದ ಸನೇಕ ಬಿಡಂಗಿಲ್ಲ ನಿಮ್ಮನ್ನ. ನಾ ನೋಡೀನಲ್ಲ, ಗ್ಯಾಸಿನ ಗಾಡಿ ಹಿಂದ ಓಡಿದ್ದು.'

ಹೆಂಡತಿ ಹೇಳಿದ್ದರಲ್ಲಿ ಅರ್ಥ ಇತ್ತು. ಗ್ಯಾದರಿಂಗಿನ ದಿನ ಸೀಟಿಯನ್ನು ಶಾಲೆಯ ಜವಾನ ಶಿವಪ್ಪನ ಕೈಗೆ ಕೊಟ್ಟು ನಾನೇ ಗೆರೆಯ ಮೇಲೆ ಹೋಗಿ ನಿಂತೆ. ಇಡೀ ಮೈದಾನ ಒಂದು ಸಲ ಹೋ ಎಂದಿತು. ಸುದ್ದಿ ಎಷ್ಟು ಬೇಗ ಹೋಯಿತೋ, ಮಸಗುಪ್ಪಿಗೆ ಹೊರಟಿದ್ದ ಟ್ರ್ಯಾಕ್ಟರಿನವರು ಟ್ರ್ಯಾಕ್ಟರ್ ನಿಲ್ಲಿಸಿ ಕಂಪೌಂಡ್ ಏರಿ ಕೂತರು. ಕಬ್ಬಿನ ಕಟ್ಟು ಪಣಕ್ಕಿಟ್ಟು ಬಾಜಿಯೂ ಶುರುವಾಯಿತು. ಆದರೆ ನನ್ನ ಮೇಲೆ ಅಲ್ಲ. ನಾನು ಗೆಲ್ಲುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲವಾದ್ದರಿಂದ ಬಾಜಿ ನಡೆದದ್ದು ಎರಡನೆಯವರು ಯಾರು ಎಂಬುದರ ಮೇಲೆ. ಪಕ್ಕದಲ್ಲಿ ಮಗದುಮ್ ಸರ್ ಪ್ಯಾಂಟು ಮೇಲೆತ್ತಿಕೊಳ್ಳುತ್ತ, 'ಸ್ವಲ್ಪ ಮೆಲ್ಲಕ ಓಡ್ರಿ ಸರ, ನಮ್ಮ ಮರ್ಯಾದಿ ಉಳೀಲಿ' ಎಂದರು.

ಶಿವಪ್ಪ ಸೀಟಿ ಊದಿದ. ಸೋಲಲೆಂದೇ ಹೊರಟವನು ನಾನು, ನೆನಪಿರಲಿ. ಆದರೆ ನಾಲ್ಕು ಹೆಜ್ಜೆ ಹಾಕುವುದರೊಳಗೆ ಮಕ್ಕಳು 'ಸಿದ್ದಿ ಸರ್! ಸಿದ್ದಿ ಸರ್!' ಎಂದು ಕೂಗತೊಡಗಿದರು. ಆ ಕೂಗು ಕೇಳಿ ನನಗೇನಾಯಿತೋ, ಕುರ್ಚಿ ಮರೆತುಹೋಯಿತು, ಹೆಂಡತಿಯ ಬುದ್ಧಿವಾದ ಮರೆತುಹೋಯಿತು. ಗೆಲ್ಲಬೇಕು ಎನ್ನಿಸಿಬಿಟ್ಟಿತು! ಜೀವ ಬಿಟ್ಟು ಓಡಿದೆ. ಹಲ್ಲು ಕಚ್ಚಿ, ಕೈ ಬೀಸಿ, ಕಣ್ಣು ಮುಚ್ಚಿ ಓಡಿದೆ. ಕಣ್ಣು ತೆರೆದಾಗ ಮಗದುಮ್ ಸರ್ ಹಗ್ಗ ಹರಿದು ಮುಂದೆ ಹೋಗಿ, ನಿಲ್ಲಲು ಆಗದೆ ಪೆಂಡಾಲಿನ ಕಂಬ ಹಿಡಿದುಕೊಂಡಿದ್ದರು. ಚಿತ್ರಕಲೆಯವರು, ವಿಜ್ಞಾನದವರು, ಗುಮಾಸ್ತರು ಎಲ್ಲರೂ ಮುಟ್ಟಿಯಾಗಿತ್ತು. ಕಡೆಯವನು ನಾನು.

ಲಲಿತಾ ಹೆಂಗಸರ ಸಾಲಿನಲ್ಲಿ ಕೂತು ತೃಪ್ತಿಯಿಂದ ತಲೆ ಆಡಿಸಿದ್ದು ಕಂಡಿತು. ಅಷ್ಟರಲ್ಲಿ ಬಸಗೌಡ ಕಾಕಾ ಮೈಕು ಹಿಡಿದರು.

'ನೋಡಿದ್ರೇನಪ್ಪಾ ಎಲ್ಲಾರೂ? ಗಾಳಿಗತೆ ಓಡಾವ ಮನಶ್ಯಾ, ಗೆಳ್ಯಾನ ಮರ್ಯಾದಿ ಉಳಸಾಕ ಬೇಕಂತನ ಸೋತ! ನಾ ಇವರ ಕಾಲ ಅಷ್ಟ ನೋಡಿದ್ನಿ, ಮನಸ್ಸ ನೋಡಿದ್ದಿಲ್ಲ. ಇಂಥಾ ಮನಸ್ಸಿನಾಂವ ಕುರ್ಚ್ಯಾಗ ಕುಂಡ್ರಬೇಕು. ಹೆಡ್ ಮಾಸ್ತರ ಸಿದ್ದಿ ಸರ!'

ಚಪ್ಪಾಳೆ ಮುಗಿಲು ಮುಟ್ಟಿತು. ನಾನು ಏದುಸಿರು ಬಿಡುತ್ತ ಮೈಕಿನ ಹತ್ತಿರ ಹೋಗಿ, 'ಕಾಕಾರ, ನಾ ಖರೇನ ಓಡೀನ್ರಿ, ನನ್ನ ಕೈಲೆ ಆಗಲಿಲ್ಲ' ಎಂದೆ. ಚಪ್ಪಾಳೆ ಇಮ್ಮಡಿಯಾಯಿತು. 'ನೋಡ್ರಿ ದೊಡ್ಡಸ್ತನ!' ಎಂದರು ಕಾಕಾ. ಎದೆ ಮುಟ್ಟಿ ತೋರಿಸಿ, 'ಹಾರ್ಟ್ ಹೆಂಗ ಹೊಡ್ಕೋಳಾಕತ್ತೈತಿ ನೋಡ್ರಿ' ಎಂದೆ. ಮುಂದಿನ ಸಾಲಿನ ಅಜ್ಜಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಊರಿನಲ್ಲಿ ಒಬ್ಬ ಸಿದ್ದಿ ಪ್ರಾಮಾಣಿಕವಾಗಿ ಸೋಲುವುದು ಸಾಧ್ಯವೇ ಇಲ್ಲ ಎಂದು ಆವತ್ತು ತಿಳಿಯಿತು. ಯಾವ ಬಣ್ಣ ಇಷ್ಟು ವರ್ಷ ನನ್ನನ್ನು ಕುರ್ಚಿಯಿಂದ ದೂರ ಇಟ್ಟಿತ್ತೋ ಅದೇ ಬಣ್ಣ ರಟ್ಟೆ ಹಿಡಿದು ಕರೆದುಕೊಂಡು ಹೋಗಿ ಕೂರಿಸಿತು. ಹಾರ ಹಾಕಿದರು, ಹಾಕಿಸಿಕೊಂಡೆ.

ಸಂಜೆ ಮಗದುಮ್ ಸರ್ ಒಬ್ಬರೇ ಬಂದರು. ಮುಖ ಸಣ್ಣದಾಗಿತ್ತು. 'ಸರ, ಸಣ್ಣಂದಿಂದ ನಾ ಯಾವುದರಾಗೂ ಮೊದಲ ಬಂದಾಂವ ಅಲ್ಲ. ಇವತ್ತೊಂದ ಬಂದಿದ್ನಿ. ಖರೆ ಹೇಳ್ರಿ, ಬಿಟ್ಟ ಕೊಟ್ಟ್ರೇನು?'

'ನಿಮ್ಮ ಕರದಂಟಿನ ಆಣಿ ಮಾಡ್ತೀನ್ರಿ. ಜೀವಾ ತೇದು ಓಡೀನಿ.'

ಅವರು ನನ್ನ ಮುಖವನ್ನೇ ನೋಡಿದರು. ನಿಧಾನವಾಗಿ ನಗು ಬಂತು. 'ಹೌದ್ರಿ. ಅರ್ಧಾ ದಾರಿತನಕ ಬಾಜೂಕ ಇದ್ನಲ್ಲ. ನಿಮ್ಮ ಉಸರ ಸಕ್ಕರಿ ಕಾರ್ಖಾನೆಗತೆ ಕೇಳಸ್ತಿತ್ತು' ಎಂದರು. ಇಬ್ಬರೂ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ನಾನು ಸೋತವನೆಂದು ನಂಬಿದ ಒಬ್ಬನೇ ಒಬ್ಬ ಗೆಳೆಯ ಈ ಭೂಮಿಯ ಮೇಲಿದ್ದಾನೆ ಎಂದು ಎದೆ ತುಂಬಿ ಬಂತು.

ಕುರ್ಚಿ ಚೆನ್ನಾಗಿದೆ. ಲೈಬ್ರರಿಯ ಬೀಗ ತೆಗೆಸಿದ್ದೇನೆ, ಕವಿತೆಗಳು ಗೋಡೆ ತುಂಬ ಬಂದಿವೆ, ಕಾಗುಣಿತ ಬಿಟ್ಟರೆ ಎಲ್ಲ ಸೊಗಸಾಗಿವೆ. ಆದರೆ ನಾನು ಬಿಟ್ಟು ಬಂದ ಮೈದಾನಕ್ಕೆ ಯಾರಾದರೂ ಬೇಕಲ್ಲ. ಒಬ್ಬ ಆಟದ ಮಾಸ್ತರರನ್ನು ಕೊಡಿ, ಹಾಗೇ ಒಬ್ಬ ಸಂಗೀತದವರನ್ನೂ ಕೊಡಿ ಎಂದು ಕಾಕಾರಿಗೆ ಹೇಳಿದ್ದೆ. ಮೊನ್ನೆ ಕಾಕಾ ಫೋನು ಮಾಡಿ, 'ಇಬ್ಬರ ಪೈಕಿ ಒಬ್ಬರು ಇವತ್ತ ಬರ್ತಾರ ನೋಡ್ರಿ' ಎಂದರು. ಯಾರು ಎಂದು ಕೇಳುವುದರೊಳಗೆ ಫೋನು ಇಟ್ಟಾಗಿತ್ತು.

ಹನ್ನೊಂದರ ಬಸ್ಸಿಗೆ ಒಬ್ಬ ಹೆಣ್ಣುಮಗಳು ಬಂದರು. ಸಣಕಲು ಮೈ, ಬಿಳಿ ಬಣ್ಣ, ದಪ್ಪ ಕನ್ನಡಕ, ದನಿ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ನಮಸ್ಕಾರ. ಬೆರಳು ನೋಡಿದೆ, ನೀಳವಾಗಿದ್ದವು. ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ನಿಂತು, 'ದೇವರ ಕಳಿಸಿದಂಗ ಬಂದ್ರಿ ನೋಡ್ರಿ!' ಎಂದೆ. ಶಿವಪ್ಪನನ್ನು ಕೂಗಿ, 'ಲಗೂನ ಸ್ಟೋರ್ ರೂಮಿನ್ಯಾಗಿನ ಹಾರ್ಮೋನಿಯಂ ಒರಸಿ ತಗೊಂಡ ಬಾ' ಎಂದು ಓಡಿಸಿದೆ.

ಅವರು ಕೂತು, ನೀರು ಕುಡಿದು, 'ಸರ್, ನಾ ಪಿ.ಟಿ. ಟೀಚರ್ ರಿ' ಎಂದರು. 'ಕಾಲೇಜಿನ್ಯಾಗ ಶಾಟ್‌ಪುಟ್ ಗುಂಡು ಒಗೀತಿದ್ನಿ. ಮೈದಾನ ಎಲ್ಲಿ ಐತ್ರಿ?'

ನಾನು ಮೈದಾನದ ಕಡೆ ಕೈ ತೋರಿಸುವ ಮೊದಲೇ ಶಿವಪ್ಪ ಹಾರ್ಮೋನಿಯಂ ಹೊತ್ತುಕೊಂಡು ಬಂದು ಧಡಕ್ಕನೆ ಇಬ್ಬರ ನಡುವೆ ಮೇಜಿನ ಮೇಲೆ ಇಟ್ಟ. ಟೀಚರ್ ಅದನ್ನು ನೋಡಿದರು, ನನ್ನನ್ನು ನೋಡಿದರು.

'ಇದ ಯಾರಿಗ್ರಿ ಸರ್?'

'ನಿಮ್ಮನ್ನು ನೋಡಿ ತರಿಸಿದೆ' ಎಂದು ಯಾವ ಬಾಯಿಂದ ಹೇಳಲಿ? ಹೇಳಿದರೆ ಈ ಕಪ್ಪು ಮುಖವನ್ನು ಎಲ್ಲಿ ಅಡಗಿಸಿಕೊಳ್ಳಲಿ?

'ನಂದ್ರೀ' ಎಂದೆ. 'ಪುರುಸೊತ್ತ ಸಿಕ್ಕಾಗ ಬಾರಸ್ತೀನಿ.'

'ಹೌದೇನ್ರಿ!' ಎಂದು ಅವರು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಶಿವಪ್ಪ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತ. 'ಒಂದ ಹಾಡ ಬಾರಸ್ರಿ ಸರ್, ಕೇಳೂಣು.'